ಉಪ್ಪಿಲ್ಲದ ಸಾರು, ಬಡಿದಾಟವಿಲ್ಲದ ಸೀರಿಯಲ್ಲು

ಹೊಳಲು
ಸೋಮವಾರ, ೧೦ ನವೆಂಬರ್ ೨೦೨೫

ಪ್ರೀತಿಯ ಅವ್ವಾ,

ಮಂಡಿನೋವು ಹೇಗಿದೆ? ಈ ಚಳಿಯಲ್ಲಿ ಬೆಳಗ್ಗೆ ಎದ್ದು ತಣ್ಣೀರು ಹಾಕಿ ಬಾಗಿಲು ತೊಳೆಯಬೇಡ. ಅಪ್ಪ ಹೇಳಿದರೆ ಕೇಳುವವಳಲ್ಲ ನೀನು, ಬರೆದು ಹೇಳಿದರೆ ಕೇಳುತ್ತೀಯೇನೋ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಹೂಂ ಅನ್ನುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಕಾಗದ. "ಆ ಮನೇಲಿದ್ರೆ ನೀನು ಉಸಾರಾಗಕಿಲ್ಲ ಕಣವ್ವ, ಭಾನುವಾರ ಸ್ವಾಮಿ ಮಾವನ ಕಾರಲ್ಲಿ ಬತ್ತೀನಿ, ಬಟ್ಟೆ ಕಟ್ಕೊಂಡಿರು, ಇನ್ನು ನಮ್ಮನೇಲೇ ಇರೀವಂತೆ" ಅಂದೆಯಲ್ಲ, ಅಂದಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಮಾತ್ರೆ ತಪ್ಪಿಸಿಲ್ಲ. ನಿದ್ದೆ ಬರುತ್ತಿದೆ. ಓದು ಮಾತ್ರ ಇನ್ನೂ ಬಂದಿಲ್ಲ. ಕಾಲೇಜಿಗೆ ರಜೆ ಹಾಕಿದಾಗ ತಂದಿಟ್ಟ ಅನುವಾದದ ಕಾದಂಬರಿಗಳು ಹಾಗೇ ಇವೆ. ಒಂದೇ ಸಾಲನ್ನು ಮತ್ತೆ ಮತ್ತೆ ಓದಿ ಮುಚ್ಚಿಡುತ್ತೇನೆ. ಆದರೆ ಟಿವಿ ನೋಡಬಲ್ಲೆ. ಅತ್ತೆಯ ಪಕ್ಕ ಚಾಪೆಯ ಮೇಲೆ ಕೂತು, ಯಾವುದೋ ಹಿಮದ ದೇಶದ ಸೀರಿಯಲ್ಲು, ಕನ್ನಡಕ್ಕೆ ಡಬ್ ಆದದ್ದು. ಒಬ್ಬ ವಿಧವೆ ಬೇಕರಿ ನಡೆಸುತ್ತಾಳೆ. ಬ್ರೆಡ್ಡು ಉಬ್ಬುತ್ತದೆ, ಯಾರೋ ಬಂದು ಕೊಳ್ಳುತ್ತಾರೆ, ಅಂಚೆಯವನು ಜಾರಿ ಬೀಳುತ್ತಾನೆ. ಅದಕ್ಕಿಂತ ಹೆಚ್ಚಿನದೇನೂ ನಡೆಯುವುದಿಲ್ಲ. "ಓ ಪ್ರಿಯ ಗೆಳತಿಯೇ, ಇಂದು ನನ್ನ ಹೃದಯವು ಭಾರವಾಗಿದೆ" ಅನ್ನುತ್ತಾಳೆ ಅವಳು. ತುಟಿ ಮುಚ್ಚಿದ ಮೇಲೂ ಮಾತು ಮುಂದುವರಿಯುತ್ತದೆ. ಪುಸ್ತಕದಲ್ಲಾಗಿದ್ದರೆ ಇಂಥ ವಾಕ್ಯದ ಕೆಳಗೆ ಕೃತಕವೆಂದು ಪೆನ್ಸಿಲಿನಲ್ಲಿ ಗೀಟೆಳೆಯುತ್ತಿದ್ದೆ. ಇಲ್ಲಿ ಯಾಕೆ ಹಿತವಾಗುತ್ತದೆ? ಯಾರೂ ಆಡದ ಕನ್ನಡದಲ್ಲಿ ಹೇಳಿದ ದುಃಖ ಯಾರದೂ ಅಲ್ಲವೆನಿಸಿ, ಹೆದರದೆ ನೋಡಬಹುದೆಂದೋ? ಗೊತ್ತಿಲ್ಲ. ಅತ್ತೆಗೆ ಈ ಗೊಂದಲವಿಲ್ಲ. "ಯಾವೂರ್ ಮಾತವ್ವಾ ಇದು! ಮನ್ಸು ಸರಿಯಿಲ್ಲ ಕಣೇ ಅನ್ನಕ್ಕೇನು ಇವ್ಳಿಗೆ ದಾಡಿ?" ಅಂತ ಆ ವಿಧವೆಯನ್ನೇ ಬೈಯುತ್ತಾರೆ. ಮೊನ್ನೆ ನಾನು ನಕ್ಕೆ, ಅವ್ವಾ. ಅತ್ತೆ ತಿರುಗಿ ನೋಡಿದಾಗಲೇ ನಕ್ಕಿದ್ದು ನನಗೆ ತಿಳಿದದ್ದು.

ಆದರೆ ಅತ್ತೆ ಇದನ್ನೇಕೆ ನೋಡುತ್ತಾರೆ? ನಿನಗೇ ಗೊತ್ತು, ಕೆನ್ನೆಗೆ ಬಾರಿಸುವುದು, ಹಾಲಿಗೆ ವಿಷ ಹಾಕುವುದು ಇಲ್ಲದ ಸೀರಿಯಲ್ಲು ಅವರಿಗೆ ಸೀರಿಯಲ್ಲೇ ಅಲ್ಲ. ಉತ್ತರ ಸಿಕ್ಕಿದ್ದು ಶುಕ್ರವಾರ. ಪಕ್ಕದ ಮನೆಯ ಮಂಗಳಮ್ಮ ಜಗಲಿಯಲ್ಲಿ ಕೂತು, "ಏನ್ ಮಂಚಮ್ಮ, ಆ ಸೊಸೆ ವಿಸ ಹಾಕಿದ್ದು ಗೊತ್ತಾಗೋಯ್ತು, ನೀನ್ಯಾಕೆ ನೋಡ್ನಿಲ್ಲ?" ಅಂತ ಕೆಣಕಿದರು. "ಮೆಲ್ಲಗೆ ಮಾತಾಡೇ" ಅಂದರು ಅತ್ತೆ. "ಅಮೃತಂಗೆ ಪ್ರೆಸರ್ರು. ಪ್ರೆಸರ್ ಇರೋರ್ ಮುಂದೆ ಬಡದಾಟದ್ದು ಹಾಕ್ಬಾರ್ದು, ತಲೆ ನರ ಒಡೆದೋಯ್ತದೆ. ಉಪ್ಪೂ ನಿಲ್ಲಿಸಿವ್ನಿ."

ನನ್ನನ್ನು ಆಸ್ಪತ್ರೆಗೆ ತೋರಿಸಿಕೊಂಡು ಬಂದ ದಿನ ನಿನ್ನ ಅಳಿಯ ಡಿಪ್ರೆಶನ್ ಅಂದದ್ದು ಅವರ ಕಿವಿಗೆ ಪ್ರೆಶರ್ ಅಂತ ಬಿದ್ದಿದೆ. ನಾನೋ, ಕಾಯಿಲೆಯಿಂದ ನಾಲಗೆ ಸತ್ತಿದೆ ಅಂದುಕೊಂಡಿದ್ದೆ, ನೋಡಿದರೆ ಸಾರಿಗೇ ಉಪ್ಪಿರಲಿಲ್ಲ. ನಿನ್ನ ಅಳಿಯನಿಗೆ ಉಪ್ಪು ಹಾಕಿದ್ದು ಬೇರೆ ಪಾತ್ರೆಯಲ್ಲಿ. ತಾವೂ ನನ್ನ ಜೊತೆ ಸಪ್ಪೆಯದನ್ನೇ ಉಂಡರು.

ಮಂಗಳಮ್ಮ ಹೋದ ಮೇಲೆ, ಅದು ಪ್ರೆಶರ್ ಅಲ್ಲ ಅತ್ತೆ, ಅಂದೆ. "ಮತ್ತಿನ್ನೇನವ್ವ?" ಅಂದರು. ಖಿನ್ನತೆ ಅನ್ನಬೇಕೆಂದಿದ್ದೆ, ಬೇಕರಿಯ ವಿಧವೆಯ ಬಾಯಿಂದ ಬಂದ ಹಾಗನ್ನಿಸಿ ಹೇಳಲಾಗಲಿಲ್ಲ. "ಮನ್ಸು ಸರಿಯಿಲ್ಲ ಕಣತ್ತೆ" ಅಂದೆ. ನಿನಗೂ ನಾನು ಇಷ್ಟನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವರು ರಿಮೋಟು ಕೈಗೆತ್ತಿಕೊಂಡು, "ಅದ್ಕೂ ಬಡದಾಟದ್ದು ಒಳ್ಳೇದಲ್ಲ ಬುಡು" ಅಂದು ಅದೇ ಬೇಕರಿಯನ್ನು ಹಾಕಿದರು.

ಅಪ್ಪನಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಕಣ್ಣೀರು ಬೇಡ.

ನಿನ್ನ ಮಗಳು,
ಅಮೃತ

ಮರೆತಿದ್ದೆ: ಭಾನುವಾರ ಕಾರು ತರಬೇಡ. ಶನಿವಾರ ನಾನೇ ಬಸ್ಸಿಗೆ ಬರುತ್ತೇನೆ, ಮದ್ದೂರು, ಮಳವಳ್ಳಿ ದಾಟಿಕೊಂಡು, ಒಬ್ಬಳೇ. ಎರಡು ದಿನ ಇದ್ದು ಇಲ್ಲಿಗೇ ವಾಪಸ್ಸು; ಅತ್ತೆಗೆ ಹೇಳಿಯಾಗಿದೆ. ಹಲಗೂರು ಸ್ಟಾಂಡಿಗೆ ಯಾರನ್ನೂ ಕಳಿಸಬೇಡ, ಅಲ್ಲಿಂದ ಮನೆಗೆ ನಡೆದು ಬರುವ ಆಸೆಯಾಗಿದೆ.