ಟೆಸ್ಮರನ ಅಳತೆ

ಶಿಕಾಗೊ, ೧೮೯೪ ಏಪ್ರಿಲ್ ೯. ಬೆಳಗ್ಗೆ ಏಳು.

ನನ್ನ ಕಚೇರಿಯಲ್ಲಿ ಅಳತೆಗಾರನಾಗಿದ್ದ ಟೆಸ್ಮರನಿಗೆ ಹಿಂದೆ ನಾನು ಬರೆದ ಪತ್ರ ತಪ್ಪು. ಕ್ಷಮೆ ಕೋರಿ ಮತ್ತೊಂದು ಬರೆದು ಅಂಚೆಗೆ ಹಾಕಿದೆ — ಹದಿನಾರು ತಿಂಗಳು ತಡವಾಗಿ. ‘ನಿಮ್ಮ ದೃಷ್ಟಿ ಮಂದವಾಗಿದೆ, ಅಳತೆಗಳು ನಂಬಲರ್ಹವಲ್ಲ’ ಎಂದು ಬರೆದು ಕೆಲಸದಿಂದ ತೆಗೆದಿದ್ದೆ. ಪ್ರತಿಯನ್ನು ಊರಿನ ಇತರ ವಾಸ್ತುಶಿಲ್ಪಿಗಳ ಕಚೇರಿಗಳಿಗೂ ಕಳುಹಿಸಿದ್ದೆ. ಬಳಿಕ ಯಾರೂ ಅವನನ್ನು ಸೇರಿಸಿಕೊಳ್ಳಲಿಲ್ಲ.

ಮಂದವಾಗಿದ್ದುದು ನನ್ನ ಬುದ್ಧಿ. ಇಲ್ಲಿ ಎಲ್ಲರೂ ಆರು ಅಂಗುಲ ಎತ್ತರಿಸಿಯೇ ಕಟ್ಟುವುದು. ಜೇಡಿಮಣ್ಣಿನಲ್ಲಿ ಅಷ್ಟು ಇಳಿದು ನಿಲ್ಲುತ್ತದೆಂದು. ನಮ್ಮ ಹನ್ನೆರಡು ಅಂತಸ್ತಿನ ಉಕ್ಕಿನ ಹಂದರವೂ ಆರು ಇಳಿಯಿತು. ಪಕ್ಕದ ಹಳೆಯ ಮಳಿಗೆಯ ಗೋಡೆಯಲ್ಲಿ ಕೊರೆಸಿದ್ದ ಗುರುತಿನಿಂದ ಅಳೆಸಿ, ನಿಂತಿತೆಂದು ಬರೆದುಕೊಟ್ಟೆ. ಟೆಸ್ಮರ್ ಮಾತ್ರ ಸರೋವರದ ಮಟ್ಟದಿಂದ ಅಳೆದು, ಇಲ್ಲ, ಇನ್ನೂ ಇಳಿಯುತ್ತಿದೆ ಎಂದ.

ಶನಿವಾರ ಗಾಳಿ ತಾಳಲಾರದೆ ಆ ಮಳಿಗೆಗೆ ಸರಿದೆ. ಮೊದಲು ಅದರ ಬಾಗಿಲಿಗೆ ಎರಡು ಮೆಟ್ಟಿಲು ಇದ್ದವು. ಈಗ ಕೆಳಗಿನದು ಮುಕ್ಕಾಲು ನೆಲದಲ್ಲಿ ಮುಳುಗಿದೆ... ನಮ್ಮ ಕಟ್ಟಡದ ಭಾರಕ್ಕೆ ಮಳಿಗೆಯೂ ಜೊತೆಯಲ್ಲೇ ಇಳಿಯುತ್ತಿದೆ. ಗೋಡೆಯ ಗುರುತೂ ಸಹ. ಅದಕ್ಕೇ ನನ್ನ ಅಳತೆ ಬದಲಾಗಲಿಲ್ಲ.

ಏಪ್ರಿಲ್ ೧೧.

ಕಟ್ಟಡದ ಮಾಲೀಕ ಪ್ರೆಂಟಿಸ್‌ನನ್ನು ಕಂಡೆ. ಮೇಲೆ ಇನ್ನೂ ನಾಲ್ಕು ಅಂತಸ್ತು ಏರಿಸುವ ಸಿದ್ಧತೆಯಲ್ಲಿದ್ದಾನೆ. ಬೇಡವೆಂದೆ.

“ನಿಂತಿದೆ ಅಂತ ನೀವೇ ಸಹಿ ಹಾಕಿ ಕೊಟ್ಟಿದ್ದೀರಲ್ಲ, ಹಿರಿಯರೇ.”

“ಆ ಸಹಿ ತಪ್ಪು.”

“ಉಕ್ಕು ರೈಲಿಂದ ಇಳ್ದಾಯ್ತು. ನೀವು ಮನೇಲಿ ಕಾಲು ಬೆಚ್ಚಗಿಟ್ಕೊಂಡು ಕೂತ್ಕೊಳ್ಳಿ. ಸಹಿ ಹಾಕೋಕೆ ಬೇರೆಯವ್ರಿದ್ದಾರೆ.”

ಇದ್ದಾರೆ. ನಾನೇ ಕಲಿಸಿದವರು.

ಏಪ್ರಿಲ್ ೧೯.

ಟೆಸ್ಮರನ ಹೆಂಡತಿ ಆಲ್ವೀನ್ ಕಚೇರಿಗೆ ಬಂದಳು. ಕುಳಿತುಕೊಳ್ಳಲಿಲ್ಲ.

“ಕಾಗ್ದ ಬಂತು ಯಜಮಾನ್ರೇ. ಓದೋರೇ ಇಲ್ಲ. ನದೀಲಿ ಐಸ್ ಕೊಯ್ಯೋ ಕೆಲಸಕ್ಕೆ ಹೋಗ್ತಿದ್ರು. ಎದೆಗೆ ಶೀತ ಇಳೀತು. ಫೆಬ್ರವರೀಲಿ ಹೋದ್ರು.”

ಕುರ್ಚಿಯಿಂದ ಎದ್ದೆ.

“ನೀವು ಕಣ್ಣು ಮಂದ ಅಂದ್ರಲ್ಲ, ನಂಬ್ಕೊಂಡು ಕನ್ನಡಕ ಮಾಡಿಸ್ಕೊಂಡ್ರು. ಬಿಡುವಾದ ಭಾನುವಾರ ಹೋಗಿ ನಿಮ್ಮ ಕಟ್ಟಡಾನೇ ಅಳೀತಿದ್ರು. ಬಂದು, ‘ಆಲ್ವೀನ್, ಇದ್ರಲ್ಲೂ ಇಳೀತಾನೇ ಇದೆ. ಈ ಕನ್ನಡಕಕ್ಕೂ ಕಣ್ಣು ಮಂದ ಕಣೇ’ ಅಂತ ನಗೋರು.”

ಅವನ ಅಳತೆಯ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

“ಕಚೇರಿಗಳಿಗೆಲ್ಲ ಬರೆದು ತಿದ್ದುತ್ತೇನಮ್ಮ. ತಪ್ಪು ಅವರದಲ್ಲ ಎಂದು.”

“ಬರೀರಿ. ಕೆಲಸಕ್ಕೆ ಯಾರನ್ನ ಕಳಿಸ್ಲಿ?”

ಏಪ್ರಿಲ್ ೨೩. ಸಂಜೆ ನಾಲ್ಕು.

ಕಿಟಕಿಯಾಚೆ ಮೊದಲ ಕಂಬವನ್ನು ಮೇಲಕ್ಕೆಳೆಯುತ್ತಿದ್ದಾರೆ. ಹೊಸ ವಾಸ್ತುಶಿಲ್ಪಿ ತನ್ನ ಸಹಿಗೆ ಆಧಾರವಾಗಿ, ಕಟ್ಟಡ ನಿಂತಿದೆಯೆಂಬ ನನ್ನ ಹಳೆಯ ಪತ್ರವನ್ನೇ ಲಗತ್ತಿಸಿದ್ದಾನೆ. ತಡೆಯಲು ಹೋದರೆ ನನ್ನ ಅಕ್ಷರವನ್ನೇ ತೋರಿಸುತ್ತಾರೆ.

ನನ್ನ ದಾಖಲೆಯನ್ನಾದರೂ ತಿದ್ದಿಡುವೆ. ಆರು ಅಂಗುಲದ ಮೇಲಿನ ಇಳಿತ, ಟೆಸ್ಮರನ ಪುಸ್ತಕದಂತೆ —

೧೮೯೨ ಅಕ್ಟೋಬರ್ ೩. ಬರೆದದ್ದು: ನಿಂತಿದೆ. ಸರಿಯಾದದ್ದು: ಅರ್ಧ ಅಂಗುಲ.

೧೮೯೨ ಡಿಸೆಂಬರ್ ೫. ಬರೆದದ್ದು: ಟೆಸ್ಮರ್ ತಾನಾಗಿ ಕೆಲಸ ಬಿಟ್ಟ. ಸರಿಯಾದದ್ದು: ನಾನು ತೆಗೆದೆ.

೧೮೯೩ ಜೂನ್ ೧೧. ಬರೆದದ್ದು: ಇಳಿತವಿಲ್ಲ. ಸರಿಯಾದದ್ದು: ಎರಡೂವರೆ.

೧೮೯೪ ಜನವರಿ ೨೮. ಬರೆದದ್ದು: ಇಳಿತವಿಲ್ಲ. ಸರಿಯಾದದ್ದು: ನಾಲ್ಕು. ಅವನ ಕೊನೆಯ ಸಾಲು.

೧೮೯೪ ಏಪ್ರಿಲ್ ೨೩. ಅಳೆದವರು —