"ನಾನೇ" ಅಂದರೆ ತೆರೆಯುವ ಬಾಗಿಲು

ಅಮ್ಮಾ,

ಹಾಲು ಕಾಯಿಸಿಲ್ಲ, ಮರೆಯಬೇಡ.

ನಿನ್ನೆ ಬೇಕಂತಲೇ ಬೆಲ್ ಒತ್ತಿ, ಗಂಡಸಿನ ದನಿಯಲ್ಲಿ "ನಾನೇ, ತೆಗೀರಿ" ಅಂದೆ. ನೀನು ಯಾರೆಂದೂ ಕೇಳದೆ ತೆಗೆದುಬಿಟ್ಟೆ! ಅದಕ್ಕೇ ಅಷ್ಟು ಬೈದದ್ದು.

ನಮ್ಮ ವೈಫೈಯೂ ನಿನ್ನ ಹಾಗೇ. ಬೆಳಿಗ್ಗೆ ಕುತೂಹಲಕ್ಕೆ ನನ್ನ ಲ್ಯಾಪ್‌ಟಾಪಿನಿಂದ "ರೂಟರ್ ನಾನೇ" ಅಂತ ಹೇಳಿಸಿದೆ. ಮನೆಯ ಫೋನುಗಳೆಲ್ಲ ನಂಬಿ, ಇಂಟರ್ನೆಟ್ಟಿಗೆ ಕಳಿಸಬೇಕಾದದ್ದನ್ನೆಲ್ಲ ರೂಟರಿನ ಬದಲು ನನ್ನ ಕೈಗೇ ಕೊಟ್ಟವು. ಫೋನುಗಳು ರೂಟರನ್ನು ಗುರುತಿಸುವ ಆ ಹಳೇ ನಿಯಮ ಬರೆದವರಿಗೆ ಸುಳ್ಳು ಹೇಳುವವರ ನೆನಪೇ ಬರಲಿಲ್ಲವೇನೋ!

ನೀವೆಲ್ಲ ಓದಿದ್ದೇನೂ ಕಾಣಲಿಲ್ಲ, ಸೈಟುಗಳ ಹೆಸರಷ್ಟೇ ಕಂಡವು. ನಿನ್ನ ಫೋನು ಮೂರು ಸಲ ಕೇಳಿದ್ದು ಕಿವಿ ಆಸ್ಪತ್ರೆಯ ಸೈಟನ್ನು.

ನಿನ್ನೆ ಬೆಲ್ ಕೇಳಿಸಿತು, ನನ್ನ ಮಾತು ಕೇಳಿಸಲಿಲ್ಲ, ಅಲ್ವಾ?

ಐದಕ್ಕೆ ರೆಡಿಯಾಗಿರು, ಆಸ್ಪತ್ರೆಗೆ ಜೊತೆಗೇ ಹೋಗೋಣ. ಬೆಲ್ ಒತ್ತುವುದಿಲ್ಲ, ಕಿಟಕಿಗೆ ಬಂದು ಮುಖ ತೋರಿಸುತ್ತೇನೆ.