ತಲೆ ಬೋಳಿಸುವ ಮೊದಲು

೧೪ ನವೆಂಬರ್ ೨೦೨೫, ಶುಕ್ರವಾರ, ಲಕ್ಷ್ಮೇಶ್ವರ

ನಿದ್ದೆ ಹತ್ತುತ್ತಿಲ್ಲ. ಸೋಮವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ, ಬುರುಡೆ ಕೊರೆಯದೆ, ಹೊರಗಿನಿಂದಲೇ ಮಿದುಳಿಗೆ ಅಲ್ಟ್ರಾಸೌಂಡ್ ಅಲೆ ಹಾಯಿಸಿ ನನ್ನ ಬಲಗೈ ನಡುಕ ಇಳಿಸುತ್ತಾರಂತೆ. ಅದಕ್ಕೆ ಮೊದಲು ತಲೆ ಪೂರ್ತಿ ಬೋಳಿಸಬೇಕು.

ಸಂಜೆ ಅತ್ತೆಗೆ ಹೇಳಿದೆ. "ಗಂಡ ಗಟ್ಟಿ ಇರೋವಾಗ ತಲಿ ಬೋಳಿಸ್ಕೋತೀಯೇನ ಆರತಿ? ಮಂದಿ ಏನಂತಾರ?" ಎಂದರು. ನನ್ನ ಗಂಡ ಪೇಪರಿನಿಂದ ಮುಖ ಎತ್ತಲಿಲ್ಲ. ನನಗೆ ಸಿಟ್ಟು ಬಂತು.

"ನಿನ್ನೆ ಬಾಜೂ ಮನಿ ಸುನಿತಾಗ ಕುಂಕುಮ ಹಚ್ಚಲಿಕ್ಕೆ ಹೋಗಿ ಆಕಿ ಕಣ್ಣಾಗ ಚೆಲ್ಲಿದೆ. ಆಗೂ ಮಂದಿ ನೋಡಿದ್ರಲ್ರೀ!"

ಅತ್ತೆ ಎದ್ದು ಹೋದರು. ಊಟವಾದ ಮೇಲೆ ಎಣ್ಣೆ ಬಟ್ಟಲು ಹಿಡಿದು ಬಂದು, ನನ್ನನ್ನು ಕೂರಿಸಿ ಜಡೆ ಬಿಚ್ಚಿದರು.

"ಗಂಡ ಸತ್ತಾಗ ನಮ್ಮ ಸೋದರತ್ತಿನ್ನ ಹಿಡದು ಕುಂಡ್ರಿಸಿ ಬೋಳಿಸಿದ್ರು. ಆಕಿನ್ನ ಯಾರೂ ಕೇಳಲಿಲ್ಲ. ನೀ ನಿನ್ನ ಮನಸ್ಸಿಲೆ ಹೊಂಟೀದಿ. ಹೋಗು," ಎಂದರು.

ಇಷ್ಟು ದಿನ ಅತ್ತೆ ಬೇಡವೆನ್ನುತ್ತಾರೆಂದು ಹೇಳಿಕೊಂಡು ತಿರುಗಿದೆ. ಈಗ ಅವರೇ ಹೋಗು ಎಂದರು. ಬೇಡವೆನ್ನಲು ಇನ್ನು ನನ್ನ ಹೆದರಿಕೆಯೊಂದೇ ಉಳಿದಿದೆ. ಅಕ್ಷರ ಸಾಲು ಬಿಟ್ಟು ಓಡುತ್ತಿವೆ, ಸಾಕು...